ಹದಿನಾಲ್ಕು ಮುಖಕ್ಕೆ ಜೋಕರ್ ಬಣ್ಣ

ಶಾಲೆಯಲ್ಲಿ ಚಿತ್ರಕಲೆ ಕಲಿಸುವವರ ಹಣೆಬರಹವೇ ಇಷ್ಟು. ಬಣ್ಣ ಅಂತ ಒಂದು ಮಾತು ಬಂದರೆ ಸಾಕು, ಅದು ಕಾಂಪೌಂಡ್ ಗೋಡೆಯದ್ದಿರಲಿ, ಬ್ಯಾನರಿನದ್ದಿರಲಿ, ಗಣಪತಿ ಮಂಟಪದ್ದಿರಲಿ, ಎಲ್ಲರ ಕಣ್ಣೂ ನಮ್ಮ ಕಡೆಗೇ. 2017ರ ಡಿಸೆಂಬರಿನಲ್ಲಿ ವಾರ್ಷಿಕೋತ್ಸವದ ಮೀಟಿಂಗ್ ನಡೆದಾಗ ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳದ್ದು ಜೋಕರ್ ಡ್ಯಾನ್ಸ್ ಅಂತ ತೀರ್ಮಾನವಾಯಿತು. ಹದಿನಾಲ್ಕು ಮಕ್ಕಳು. ಶಿವಮೊಗ್ಗದಿಂದ ಮೇಕಪ್ಪಿನವರನ್ನು ಕರೆಸಿದರೆ ತಲೆಗಿಷ್ಟು ಅಂತ ಕೊಡಬೇಕು, ಮೇಲೆ ಬಸ್ ಚಾರ್ಜು, ಊಟ. "ನೀವೇ ಇದೀರಲ್ಲ ಮೇಡಂ," ಅಂದರು ಹೆಡ್ ಮೇಷ್ಟ್ರು. ಇದ್ದೆ. ಜೋಗದ ಜಲಪಾತವನ್ನು ಜಲವರ್ಣದಲ್ಲಿ ಬರೆದು ಒಂದು ಕಾಲದಲ್ಲಿ ಬಹುಮಾನ ತಗೊಂಡವಳಿಗೆ ಹದಿನಾಲ್ಕು ಪುಟಾಣಿ ಮುಖ ಯಾವ ಲೆಕ್ಕ ಅಂತ ಒಳಗೊಳಗೇ ಜಂಬವೂ ಇತ್ತು.

ಆ ಜಂಬ ಇಳಿಯುವುದಕ್ಕೆ ಒಂದು ಸಂಜೆ ಸಾಕಾಯಿತು.

ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಜೋಕರ್ ಬಟ್ಟೆಯ ಜೊತೆಗೆ ಬಣ್ಣವೂ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಬಿಳಿ ಪುಡಿ, ಇನ್ನೊಂದು ಕವರಿನಲ್ಲಿ ಕೆಂಪು, ಒಂದು ಕಪ್ಪು ಪೆನ್ಸಿಲ್. ಕವರಿನ ಮೇಲೆ ಹೆಸರಿಲ್ಲ, ತಾರೀಕಿಲ್ಲ. "ಕೊಬ್ಬರಿ ಎಣ್ಣೇಲಿ ಕಲಸಿ ಹಚ್ಚಿ, ನಾಟಕದವರೆಲ್ಲ ಇದನ್ನೇ ಒಯ್ಯೋದು," ಅಂದ ಅಂಗಡಿಯವ. ಅವನನ್ನು ದೂರಿ ಉಪಯೋಗವಿಲ್ಲ. ನಾಟಕದವರು ಒಯ್ಯುವುದೂ ನಿಜ, ಅವರು ದೊಡ್ಡವರು ಅನ್ನುವುದೂ ನಿಜ. ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಲಿಲ್ಲ, ಅಷ್ಟೆ.

ಕಾರ್ಯಕ್ರಮ ಆರು ಗಂಟೆಗೆ. ನಾಲ್ಕೂವರೆಗೆ ಮಕ್ಕಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿಕೊಂಡೆ. ಮಲೆನಾಡಿನ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿರುತ್ತದೆ ಅನ್ನುವುದು ನಮಗೆ ಹೊಸದೇನಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಪುಡಿ ಕಲಸಿದೆ. ಬೆಣ್ಣೆಯ ಹಾಗೆ ಚೆನ್ನಾಗಿಯೇ ಬಂತು. ಆದರೆ ಇಪ್ಪತ್ತನಾಲ್ಕು ಡಿಗ್ರಿ ದಾಟಿದರೆ ಕರಗುವ ಎಣ್ಣೆ ಅದು. ಓಡಿ ಆಡಿ ಬಂದ ಮಗುವಿನ ಕೆನ್ನೆ ಎಷ್ಟು ಬಿಸಿ ಇರುತ್ತದೆ ಅಂತ ಯೋಚಿಸಿರಲಿಲ್ಲ. ಮೊದಲನೆಯ ಹುಡುಗನಿಗೆ ಹಣೆಯಿಂದ ಗದ್ದದವರೆಗೆ ಬಿಳಿ ಬಳಿದು, ಕೆಂಪು ಬಾಯಿ ಬರೆದು, ಕಣ್ಣಿನ ಮೇಲೆ ಕೆಳಗೆ ಕಪ್ಪು ಗೀಟು ಎಳೆಯುವಷ್ಟರಲ್ಲಿ ಹದಿನೆಂಟು ನಿಮಿಷ ಹೋಗಿತ್ತು. ಉಳಿದ ಹದಿಮೂರು ಮಕ್ಕಳಿಗೆ ಇದೇ ಲೆಕ್ಕ ಹಾಕಿದರೆ ರಾತ್ರಿ ಒಂಬತ್ತಾಗುತ್ತದೆ. ಅಲ್ಲಿಂದ ಮುಂದೆ ನಾನು ಮಾಡಿದ್ದು ಮೇಕಪ್ಪಲ್ಲ, ಸುಣ್ಣ ಹೊಡೆಯುವ ಕೆಲಸ.

ಬಣ್ಣ ಮುಗಿದ ಮೇಲೆ ಬಟ್ಟೆ ಹಾಕಿಸಿದೆ. ಅವು ತಲೆಯ ಮೇಲಿಂದ ತೊಡುವ ಸ್ಯಾಟಿನ್ ಅಂಗಿಗಳು. ಹದಿನಾಲ್ಕು ಕತ್ತುಪಟ್ಟಿಗಳ ಒಳಗೂ ಒಂದೊಂದು ಮೂಗಿನ ಗುರುತು ಬಿತ್ತು, ಮುಖದ ಮೇಲೆ ಅಷ್ಟು ಬಣ್ಣ ಕಮ್ಮಿಯಾಯಿತು. ಪೌಡರ್ ಹಾಕಿ ಬಣ್ಣ ಕೂರಿಸಬೇಕು ಅನ್ನುವುದು ಗೊತ್ತೇ ಇರಲಿಲ್ಲ. ಸ್ಟೇಜಿನ ಎರಡೂ ಬದಿಗೆ ಹ್ಯಾಲೊಜೆನ್ ದೀಪ. ಹಾಡು ಎರಡನೇ ಚರಣಕ್ಕೆ ಬರುವಾಗ ಹುಬ್ಬಿನ ಕಪ್ಪು ಕೆನ್ನೆಗೆ, ಕೆನ್ನೆಯ ಬಿಳಿ ಕುತ್ತಿಗೆಗೆ ಇಳಿಯತೊಡಗಿತ್ತು.

ಇದೆಲ್ಲ ನಗುವ ಸಂಗತಿ. ನಗಲಾರದ್ದು ಎರಡಿದ್ದವು. ಒಂದನೇ ಕ್ಲಾಸಿನ ಒಬ್ಬಳು ಚಿಕ್ಕವಳಿದ್ದಳು. ಅವಳ ಸರದಿ ಕೊನೆಗೆ ಬಂತು. ಅಷ್ಟು ಹೊತ್ತು ಕಾದವಳು ತಲೆಯೆತ್ತಿ ನೋಡಿದಾಗ ಟ್ಯೂಬ್‌ಲೈಟಿನ ಕೆಳಗೆ ಹದಿಮೂರು ಬಿಳಿ ಮುಖಗಳು ಅವಳನ್ನೇ ನೋಡುತ್ತ ಕೂತಿದ್ದವು. ಬೆಳಗ್ಗೆ ಜೊತೆಗೆ ಡಬ್ಬಿ ಬಿಚ್ಚಿ ಊಟ ಮಾಡಿದ ಗೆಳತಿ ಯಾರು ಅಂತ ಗೊತ್ತಾಗಲಿಲ್ಲ. ಕಿಟಾರನೆ ಕಿರುಚಿದಳು. ಅವಳು ಅತ್ತದ್ದನ್ನು ನೋಡಿ ಇನ್ನಿಬ್ಬರು ಅತ್ತರು, ಅತ್ತವರ ಕಣ್ಣ ಕಪ್ಪು ಇಳಿದು ಇನ್ನೂ ಭಯಂಕರವಾಯಿತು. ಎರಡನೆಯದು, ಮೂರನೇ ಕ್ಲಾಸಿನ ಹುಡುಗನದ್ದು. ಮಾರನೆಯ ದಿನ ಅವನ ಎರಡೂ ಕೆನ್ನೆಗೆ ದಡಿಕೆ ಎದ್ದಿತ್ತು. ಅವನ ಅಮ್ಮ ಶಾಲೆಗೆ ಬಂದರು. ಜಗಳ ಮಾಡಲಿಲ್ಲ. "ಟೀಚರ್, ಆ ಬಣ್ಣ ಎಂತದು ಅಂತ ಡಾಕ್ಟ್ರು ಕೇಳಿದ್ರು. ನಂಗೆ ಹೇಳೋಕೆ ಆಗ್ಲಿಲ್ಲ," ಅಂದರು. ನನಗೂ ಹೇಳಲಾಗಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ದಡಿಕೆ ನಾಲ್ಕು ದಿನಕ್ಕೆ ಇಳಿಯಿತು. ನನ್ನ ಹೊಟ್ಟೆಯೊಳಗಿನದು ಇಳಿಯಲಿಲ್ಲ.

ಫೋಟೋ ಬಂದ ಮೇಲೆ ಇನ್ನೊಂದು ಕಂಡಿತು. ಹದಿನಾಲ್ಕೂ ಒಂದೇ ಮುಖ. ಯಾರು ನಗುತ್ತಿದ್ದಾರೆ, ಯಾರು ಹೆದರಿದ್ದಾರೆ, ಯಾರಿಗೆ ಸ್ಟೆಪ್ ಮರೆತಿದೆ, ಒಂದೂ ತಿಳಿಯುವುದಿಲ್ಲ. ಬಿಳಿಯ ಪಕ್ಕದಲ್ಲಿ ಹಾಲುಹಲ್ಲು ಕೂಡ ಹಳದಿ ಕಾಣುತ್ತವೆ, ಕಣ್ಣಿನ ಬಿಳಿ ಕೆಂಪಡರಿದಂತೆ ಕಾಣುತ್ತದೆ. ಅಪ್ಪ ಅಮ್ಮಂದಿರು ಮೊಬೈಲ್ ಎತ್ತಿಕೊಂಡು ನಮ್ಮ ಮಗು ಯಾವುದು ಅಂತ ಹುಡುಕಿದ್ದೇ ಬಂತು. ಮಕ್ಕಳನ್ನು ಜೋಕರ್ ಮಾಡಲು ಹೋಗಿ ಮಕ್ಕಳನ್ನೇ ಅಳಿಸಿಹಾಕಿದ್ದೆ.

ಮುಂದಿನ ವರ್ಷವೂ ಅದೇ ಡ್ಯಾನ್ಸ್ ಬೇಕು ಅಂತ ಮಕ್ಕಳೇ ಹಠ ಹಿಡಿದರು. ಮಕ್ಕಳ ಲೆಕ್ಕಾಚಾರವೇ ಬೇರೆ. ಅತ್ತಿದ್ದು, ಬೆವರಿದ್ದು ಎಲ್ಲ ಅವರಿಗೆ ವರ್ಷವಿಡೀ ಹೇಳಿಕೊಂಡು ನಗುವ ಕತೆಯಾಗಿತ್ತು. ನಾನು ಮಾತ್ರ ಈ ಸಲ ಕಲಿತೇ ಹಚ್ಚುವುದು ಅಂತ ನಿಶ್ಚಯಿಸಿ, ನಮ್ಮ ಪಕ್ಕದೂರಿನ ಒಬ್ಬ ಹಾಸ್ಯಗಾರರ ಮನೆಗೆ ಹೋದೆ. ಯಕ್ಷಗಾನ ಮೇಳಗಳಲ್ಲಿ ಮೂವತ್ತು ವರ್ಷ ತಿರುಗಾಟ ಮಾಡಿ ನಿವೃತ್ತರಾದವರು. ಕೊಯ್ಲಿನ ಕಾಲ, ಅಂಗಳದ ತುಂಬ ಅಡಿಕೆ. ಜಗುಲಿಯಲ್ಲಿ ಕೂತು ಫೋಟೋ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಎಂತಕ್ಕೆ ಟೀಚರೇ ಮಕ್ಕಳಿಗೆ ಇಷ್ಟು ಬಿಳಿ?"

"ಜೋಕರ್ ಅಂದ್ರೆ ಬಿಳಿ ಅಲ್ವಾ?"

"ನಾನು ಬಣ್ಣ ಹಚ್ತಿದ್ದದ್ದು ಎಂತಕ್ಕೆ ಹೇಳಿ. ಐವತ್ತು ವರ್ಷದ ಮುದುಕನ ಮುಖ, ಕೆನ್ನೆ ಒಳಗೆ ಹೋಗಿದೆ, ಕಣ್ಣು ಸಣ್ಣಾಗಿದೆ. ದೂರ ಕೂತವನಿಗೆ ನಗು ಬರಬೇಕು ಅಂದ್ರೆ ಕೆನ್ನೆ ಉಬ್ಬಬೇಕು, ಕಣ್ಣು ಅಗಲ ಆಗಬೇಕು. ಮಗೂಗೆ ಅದೆಲ್ಲ ದೇವರೇ ಕೊಟ್ಟಾನಲ್ಲ. ಅದರ ಮೇಲೆ ನೀವೆಂತ ಬರೀತೀರಿ?"

ನಾನು ಸುಮ್ಮನಾದೆ. ದುಂಡು ಕೆನ್ನೆ, ಮುಖಕ್ಕಿಂತ ದೊಡ್ಡ ಕಣ್ಣು, ಗುಂಡು ಮೂಗು, ಮೂಗಿನ ತುದಿಗೆ ಕೆಂಪು. ಜೋಕರ್ ಮುಖದ ಪಟ್ಟಿಯನ್ನು ಒಂದೊಂದಾಗಿ ಹೇಳಿಕೊಳ್ಳುತ್ತ ಹೋದರೆ ಅದು ನೆಗಡಿಯಾದ ಮಗುವಿನ ವರ್ಣನೆಯೇ ಆಗಿಬಿಡುತ್ತದೆ.

ಅವರು ಗೆಜ್ಜೆ ಕಟ್ಟಿದ್ದೇ ಕೋಡಂಗಿಯಾಗಿಯಂತೆ, ಹತ್ತನೇ ವಯಸ್ಸಿನಲ್ಲಿ. ಯಕ್ಷಗಾನದ ಪೂರ್ವರಂಗದಲ್ಲಿ ಮೊದಲು ಕುಣಿಯುವ ಕೋಡಂಗಿ ವೇಷ ಕಲಿಯುವ ಹುಡುಗರದ್ದು. ಆಮೇಲೆ ಬಾಲಗೋಪಾಲ, ಆಮೇಲೆ ಮಿಕ್ಕದ್ದು. ಕೋಡಂಗಿಗೆ ಬಣ್ಣವೂ ಹಗುರ, ಬಟ್ಟೆಯೂ ಹಗುರ. ಆದರೆ ಪ್ರಸಂಗದೊಳಗಿನ ಹಾಸ್ಯಗಾರನ ಪಾತ್ರ ಹಾಗಲ್ಲ, ಅದು ಮೇಳದ ನುರಿತವರಿಗೇ ಮೀಸಲು. ನಗಿಸುವ ಕೆಲಸದ ಒಂದು ತುದಿಯಲ್ಲಿ ಏನೂ ಗೊತ್ತಿಲ್ಲದ ಹುಡುಗ, ಇನ್ನೊಂದು ತುದಿಯಲ್ಲಿ ಎಲ್ಲ ಗೊತ್ತಿರುವ ಮುದುಕ. ನಾನು ಹುಡುಗನ ಮುಖಕ್ಕೆ ಮುದುಕನ ಬಣ್ಣ ಬಳಿದಿದ್ದೆ.

ಎದ್ದು ಒಳಗೆ ಹೋಗಿ ಹಳೆಯ ಬಣ್ಣದ ಪೆಟ್ಟಿಗೆ ತಂದರು. ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಸಫೇದ, ಇಂಗಳೀಕ, ಅರದಾಳ, ಕಾಡಿಗೆ ಎಂದು ಒಂದೊಂದೇ ತೋರಿಸಿ, "ಇದ್ಯಾವುದನ್ನೂ ಮಕ್ಕಳಿಗೆ ಮುಟ್ಟಿಸಬೇಡಿ," ಅಂದರು. ಇಂಗಳೀಕದಲ್ಲಿ ಇರುವುದು ಪಾದರಸ, ಅರದಾಳದಲ್ಲಿ ಇರುವುದು ಆರ್ಸೆನಿಕ್. ಒಳ್ಳೆಯ ಕೆಂಪು, ಒಳ್ಳೆಯ ಹಳದಿ, ಆದರೆ ವಿಷ. ಹಳೆಯ ಕಾಲದ ಸಫೇದದಲ್ಲಿ ಸೀಸವೂ ಇರುತ್ತಿತ್ತು. ನನ್ನ ಕವರಿನ ಪುಡಿ ಬರೀ ಜಿಂಕ್ ಆಕ್ಸೈಡ್ ಆಗಿದ್ದಿರಬಹುದು, ಅದನ್ನು ಮಕ್ಕಳ ಮುಲಾಮಿಗೂ ಹಾಕುತ್ತಾರೆ. ಆದರೆ ಹೆಸರಿಲ್ಲದ ಕವರಿನೊಳಗೆ ಇನ್ನೇನು ಬೆರೆತಿತ್ತೋ.

ಇನ್ನೊಂದು ಮಾತು ಹೇಳಿದರು. ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಅವರವರ ಮುಖಕ್ಕೆ ಅವರವರೇ ಬಣ್ಣ ಹಚ್ಚಿಕೊಳ್ಳುವುದು. ಕನ್ನಡಿಯಲ್ಲಿ ತನ್ನ ಮುಖ ಇಷ್ಟಿಷ್ಟೇ ಬದಲಾಗುವುದನ್ನು ನೋಡುತ್ತ ನೋಡುತ್ತಲೇ ವೇಷ ಒಳಗೆ ಇಳಿಯುತ್ತದೆ. "ನಿಮ್ಮ ಮಕ್ಕಳು ಕನ್ನಡಿಯನ್ನೇ ನೋಡಲಿಲ್ಲ. ಎದುರಿಗೆ ಕೂತವನ ಮುಖ ನೋಡಿದ್ವು, ಹೆದರಿದ್ವು." ನಾನು ಇದ್ದದ್ದೊಂದು ಕನ್ನಡಿಯನ್ನೂ ಬಣ್ಣ ತಾಗೀತು ಅಂತ ಗೋಡೆಗೆ ತಿರುಗಿಸಿ ಇಟ್ಟಿದ್ದೆ.

ಆಮೇಲೆ ನಾನೇ ಒಂದಿಷ್ಟು ಓದಿಕೊಂಡೆ. ಬಿಳಿ ಮುಖದ ಈ ಜೋಕರನ ಮೂಲಪುರುಷ ಎಂದು ಹೇಳುವುದು ಲಂಡನ್ನಿನ ಜೋಸೆಫ್ ಗ್ರಿಮಾಲ್ಡಿಯನ್ನು. 1778ರಲ್ಲಿ ಹುಟ್ಟಿದವನು, ಮೂರು ತುಂಬುವ ಮೊದಲೇ ರಂಗದ ಮೇಲೆ ಬಂದವನು. ಇಂಗ್ಲೆಂಡಿನಲ್ಲಿ ಜೋಕರುಗಳನ್ನು 'ಜೋಯಿ' ಎಂದು ಕರೆಯುವುದು ಅವನ ಹೆಸರಿನಿಂದಲೇ. ಬಿಳಿ ಮುಖದ ಮೇಲೆ ಅವನು ಎರಡೂ ಕೆನ್ನೆಗೆ ಕೆಂಪು ಬಳಿದುಕೊಳ್ಳುತ್ತಿದ್ದ. ಕಪಾಟಿನಿಂದ ಜಾಮ್ ಕದ್ದು ತಿಂದು ಮುಖಕ್ಕೆಲ್ಲ ಮೆತ್ತಿಕೊಂಡ ಹುಡುಗನ ಹಾಗೆ ಎಂದು ಅದಕ್ಕೊಂದು ವಿವರಣೆ ಇದೆ. ಇದನ್ನು ಓದಿದಾಗ ನನಗೆ ನಮ್ಮ ಹಾಸ್ಯಗಾರರ ಜಗುಲಿ ನೆನಪಾಯಿತು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರಲ್ಲ.

ಇನ್ನೊಂದು ಉಪಯೋಗದ ಸಂಗತಿಯೂ ಸಿಕ್ಕಿತು. ಯುರೋಪಿನ ಸರ್ಕಸ್ಸಿನಲ್ಲಿ ಜೋಕರುಗಳಲ್ಲಿ ಜಾತಿಗಳಿವೆ. ಪೂರ್ತಿ ಬಿಳಿ ಮುಖದವನು ಠೀವಿಯವನು, ಯಜಮಾನ. ಅವನ ಕೈಯಲ್ಲಿ ಬೈಸಿಕೊಳ್ಳುವ, ಎಡವಿ ಬೀಳುವ, ನೀರು ಸುರಿಸಿಕೊಳ್ಳುವ ಪೆದ್ದನಿಗೆ ಆಗಸ್ಟ್ ಅನ್ನುತ್ತಾರೆ. ಆಗಸ್ಟನ ಮುಖಕ್ಕೆ ಚರ್ಮದ ಬಣ್ಣವೇ ಆಧಾರ, ಬಿಳಿ ಬರುವುದು ಕಣ್ಣಿನ ಸುತ್ತ, ಬಾಯಿಯ ಸುತ್ತ ಮಾತ್ರ. ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬ, "ಬಿಳಿಯವನು ಕ್ಲಾಸ್ ಲೀಡರ್, ಇನ್ನೊಬ್ಬ ಲಾಸ್ಟ್ ಬೆಂಚ್," ಅಂದ. ನನ್ನ ಹದಿನಾಲ್ಕು ಜನಕ್ಕೆ ಬೇಕಾಗಿದ್ದುದು ಲಾಸ್ಟ್ ಬೆಂಚಿನ ಮುಖ. ಅವರ ಕಂದು ಕೆನ್ನೆ ಅವರದ್ದಾಗಿಯೇ ಉಳಿಯುತ್ತದೆ, ಬಣ್ಣವೂ ಕಾಲು ಭಾಗ ಸಾಕು.

ಸಾಮಾನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಣ್ಣೆಯ ಬಣ್ಣ ಬಿಟ್ಟು ನೀರಿನಲ್ಲಿ ಕಲಸುವ ಫೇಸ್ ಪೇಂಟ್ ತರಿಸಿದೆ, ಬಿಲ್ಲೆಯ ಹಾಗಿರುತ್ತದೆ. ಡಬ್ಬಿಯ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಷ್ಟರೊಳಗೆ ಬಳಸಬೇಕು ಅನ್ನುವುದೆಲ್ಲ ಇದೆಯೇ ಎಂದು ನೋಡಿ ತೆಗೆದುಕೊಂಡೆ. ಶಾಲೆಯ ಬೀರುವಿನಲ್ಲಿ ರಾಶಿ ಪೋಸ್ಟರ್ ಕಲರ್ ಇದೆ, ಅದರ ಮೇಲೆ ವಿಷವಿಲ್ಲ ಅಂತಲೂ ಬರೆದಿದೆ. ಆದರೆ ಅದು ಮಗು ಅಪ್ಪಿತಪ್ಪಿ ಬಾಯಿಗೆ ಹಾಕಿಕೊಂಡರೆ ಅನ್ನುವ ಲೆಕ್ಕದ ಮಾತು, ಮುಖಕ್ಕೆ ಬಳಿಯಿರಿ ಅನ್ನುವ ಮಾತಲ್ಲ. ಕ್ರಾಫ್ಟಿನ ಮಿನುಗು ಪುಡಿ ಹಾಕಿ ಅಂತ ಇಬ್ಬರು ಟೀಚರುಗಳು ಸಲಹೆ ಕೊಟ್ಟರು. ಕಣ್ಣಿಗೆ ಬಿದ್ದರೆ ಗೀರುತ್ತದೆ, ಬೇಡ ಅಂದೆ. ಸ್ಪಂಜಿನ ಹಾಳೆ ತಂದು ಕತ್ತರಿಸಿ ಮಗುವಿಗೊಂದು ತುಂಡು ಮಾಡಿದೆ. ಒಂದೇ ಸ್ಪಂಜು ಹದಿನಾಲ್ಕು ಮುಖ ಸುತ್ತಿದರೆ ಒಬ್ಬನ ಕಣ್ಣುಬೇನೆ ಸೋಮವಾರಕ್ಕೆ ಇಡೀ ಕ್ಲಾಸಿಗೆ.

ಎರಡು ದಿನ ಮೊದಲು ಪ್ರತಿಯೊಬ್ಬರ ಮೊಣಕೈಯ ಒಳಬದಿಗೆ ಮೂರೂ ಬಣ್ಣದ ಒಂದೊಂದು ಚುಕ್ಕೆ ಇಟ್ಟು ಕಳಿಸಿದೆ. ಮನೆಗೆ ಚೀಟಿ ಬರೆದೆ, ತುರಿಕೆ, ಕೆಂಪಗಾಗುವುದು ಕಂಡರೆ ತಿಳಿಸಿ, ಬಣ್ಣ ಬೇಡ ಅನಿಸಿದರೆ ಅದನ್ನೂ ತಿಳಿಸಿ ಅಂತ. ದಡಿಕೆ ಎದ್ದಿದ್ದ ಹುಡುಗನ ಚೀಟಿಯೂ ವಾಪಸು ಬಂತು. ಈಗ ಅವನು ನಾಲ್ಕನೇ ಕ್ಲಾಸು. ಚೀಟಿಯ ಹಿಂದೆ ಅವನಮ್ಮ ದುಂಡಗೆ ಬರೆದಿದ್ದರು: "ಮೂಗಿಗೆ ಮಾತ್ರ."

ಮೊಣಕೈಯ ಚುಕ್ಕೆ ಅವನಿಗೇನೂ ಮಾಡಿರಲಿಲ್ಲ. ಆದರೂ ಆ ಎರಡು ಪದದ ಮುಂದೆ ವಾದ ಮಾಡುವ ಮುಖ ನನಗಿರಲಿಲ್ಲ.

ಮುಖ ಯಾರು ಬರೆಯಬೇಕು ಅನ್ನುವುದಕ್ಕೆ ಒಂದು ಉಪಾಯ ಓದಿನಲ್ಲೇ ಸಿಕ್ಕಿತ್ತು. ಲಂಡನ್ನಿನಲ್ಲಿ 1946ರಲ್ಲಿ ಸ್ಟ್ಯಾನ್ ಬಲ್ಟ್ ಎಂಬಾತ ಜೋಕರುಗಳ ಮುಖವನ್ನು ಖಾಲಿ ಕೋಳಿಮೊಟ್ಟೆಯ ಮೇಲೆ ಬರೆದಿಡಲು ಶುರುಮಾಡಿದ. ಆ ರೂಢಿ ಈಗಲೂ ಇದೆ. ಒಬ್ಬನ ಮುಖವನ್ನು ಇನ್ನೊಬ್ಬ ಕದಿಯಬಾರದು ಎಂಬುದು ಅವರೊಳಗಿನ ಬರೆಯದ ಕಾನೂನು, ಮೊಟ್ಟೆಯೇ ಅದಕ್ಕೆ ದಾಖಲೆ. ನಾವು ಮೊಟ್ಟೆಯ ಬದಲು ಅಡಿಕೆ ಹಾಳೆಯ ತಟ್ಟೆ ತಗೊಂಡೆವು. ಮುಖದಷ್ಟೇ ದುಂಡಗೆ, ಬಣ್ಣವೂ ಹೆಚ್ಚುಕಡಿಮೆ ನಮ್ಮ ಮಕ್ಕಳ ಚರ್ಮದ್ದೇ. ನಿಯಮ ಎರಡೇ. ತಟ್ಟೆಯ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರದು, ಪಕ್ಕದವರದ್ದನ್ನು ನೋಡಿ ಬರೆಯಬಾರದು. ಒಬ್ಬಳು ಎರಡೂ ಕೆನ್ನೆಗೆ ಅಡಿಕೆ ಗೊನೆ ಬರೆದಳು. ಒಬ್ಬ ಬರೀ ಹುಬ್ಬು, ಒಂದು ಮೇಲೆ, ಒಂದು ಕೆಳಗೆ. ಹೋದ ವರ್ಷ ಕಿರುಚಿದ್ದ ಚಿಕ್ಕವಳು ತಟ್ಟೆ ಖಾಲಿ ಕೊಟ್ಟಳು. ಬಲವಂತ ಮಾಡಲಿಲ್ಲ. ಕನ್ನಡಿ ಹಿಡಿಯುವ ಕೆಲಸ ನಿಂದು ಅಂದೆ.

ಕಾರ್ಯಕ್ರಮದ ದಿನ ಎಲ್ಲರಿಗೂ ಮೊದಲು ಚಿತ್ರಾನ್ನ, ಆಮೇಲೆ ಶೌಚಾಲಯ, ಆಮೇಲೆ ಬಟ್ಟೆ, ಕುತ್ತಿಗೆಗೊಂದು ಟವೆಲು. ಕೊನೆಗೆ ಬಣ್ಣ. ಈ ಕ್ರಮ ಒಂದು ಹೆಜ್ಜೆ ಹಿಂದುಮುಂದಾದರೂ ಕೆಲಸ ಕೆಟ್ಟಂತೆಯೇ. ದೊಡ್ಡವರಿಗೆ ಮೊದಲು, ಚಿಕ್ಕವರಿಗೆ ಕೊನೆಗೆ. ಚಿಕ್ಕವರು ಹತ್ತು ನಿಮಿಷದಲ್ಲಿ ಕೆನ್ನೆ ಉಜ್ಜಿಕೊಳ್ಳುತ್ತಾರೆ. ಶುರುಮಾಡುವ ಮೊದಲು ಎಲ್ಲರ ಎದುರು ನನ್ನ ಮೂಗಿಗೇ ಕೆಂಪು ಹಚ್ಚಿಕೊಂಡೆ. ಆ ಮೂಗಿಟ್ಟುಕೊಂಡೇ ಆಮೇಲೆ ಶಿಕ್ಷಣ ಇಲಾಖೆಯ ಅತಿಥಿಗಳಿಗೆ ನಮಸ್ಕಾರ ಮಾಡಿದೆ, ಮರೆತು.

ಒಂದು ಮುಖ ಹೇಳುತ್ತೇನೆ. ಎರಡನೇ ಕ್ಲಾಸಿನವನು, ಮುಂದಿನ ಎರಡು ಹಲ್ಲು ಬಿದ್ದವನು. ಅವನ ತಟ್ಟೆಯಲ್ಲಿ ಕಣ್ಣಿನ ಮೇಲೆ ಎರಡು ಬಿಳಿ ಕಮಾನು, ಬಾಯಿಯ ಸುತ್ತ ಬಿಳಿ, ಕೆನ್ನೆಗೊಂದೊಂದು ಕೆಂಪು ಚುಕ್ಕೆ. ಅವನನ್ನು ಸ್ಟೂಲಿನ ಮೇಲೆ ಕೂರಿಸಿದರೆ ಅವನ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಎಡಗೈಯಿಂದ ತಲೆಯ ಹಿಂಬದಿಯನ್ನು ಮೆಲ್ಲಗೆ ಹಿಡಿದೆ. ಗದ್ದ ಹಿಡಿದು ಎತ್ತಿದರೆ ಮಕ್ಕಳು ಕುತ್ತಿಗೆ ಬಿಗಿಯುತ್ತಾರೆ, ಅದನ್ನು ಹೋದ ವರ್ಷವೇ ಕಲಿತಿದ್ದೆ. ಸ್ಪಂಜನ್ನು ಅದ್ದಿ, ಹಿಂಡಿ, ಇನ್ನೊಮ್ಮೆ ಹಿಂಡಿ, ಬಿಲ್ಲೆಯ ಮೇಲೆ ಉಜ್ಜಿದೆ. ನೀರು ಹೆಚ್ಚಾದರೆ ಬಣ್ಣ ಇಳಿಯುತ್ತದೆ, ಕಮ್ಮಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಎಷ್ಟು ಅನ್ನುವುದನ್ನು ಬರೆದು ತಿಳಿಸಲಾಗದು, ದೋಸೆ ಹಿಟ್ಟಿನ ಹದದ ಹಾಗೆ. ಎಳೆಯಬಾರದು, ತಟ್ಟಬೇಕು. ಕಣ್ಣು ಮುಚ್ಚು ಅಂದರೆ ಬಿಗಿಯಾಗಿ ಮುಚ್ಚಿದ, ರೆಪ್ಪೆಯೆಲ್ಲ ಸುಕ್ಕು. ಹಾಗೆ ಹಚ್ಚಿದರೆ ಕಣ್ಣು ಬಿಟ್ಟಾಗ ಗೆರೆಗೆರೆಯಾಗುತ್ತದೆ. "ನಿದ್ದೆ ಬಂದವನ ಹಾಗೆ ಮುಚ್ಚೋ," ಅಂದೆ. ತಕ್ಷಣ ಮುಖ ಸಡಿಲವಾಯಿತು. ಗೊರಕೆ ಕೂಡ ಹೊಡೆದ.

ಬಿಳಿ ಆದ ಮೇಲೆ ಕೆಂಪು, ಎಲ್ಲಕ್ಕೂ ಕೊನೆಗೆ ಕಪ್ಪು. ತಿಳಿಯಿಂದ ಗಾಢಕ್ಕೆ ಹೋಗುವುದು ಜಲವರ್ಣದವರಿಗೆ ಹೇಳಿಕೊಡಬೇಕಾಗಿಲ್ಲ, ನನ್ನ ಕಸುಬು ಕೆಲಸಕ್ಕೆ ಬಂದದ್ದು ಅಲ್ಲೊಂದೇ. ಕೆಂಪು ಚುಕ್ಕೆ ಎಲ್ಲಿಡಬೇಕು ಅಂತ ಹುಡುಕಬೇಕಾಗಿಲ್ಲ, ನಗಿಸಿದರೆ ಕೆನ್ನೆ ತಾನೇ ಉಬ್ಬಿ ಜಾಗ ತೋರಿಸುತ್ತದೆ. ಕಿರುಬೆರಳನ್ನು ಅವನ ಕೆನ್ನೆಯ ಮೇಲೆ ಊರಿಕೊಂಡು ಕುಂಚ ಹಿಡಿದೆ, ಅವನು ಅಲುಗಿದರೆ ನನ್ನ ಕೈಯೂ ಅವನ ಜೊತೆಗೇ ಅಲುಗಬೇಕು, ಇಲ್ಲದಿದ್ದರೆ ಕುಂಚ ಕಣ್ಣಿಗೆ. ರೆಪ್ಪೆಯಂಚಿನ ಹತ್ತಿರ ಹೋಗಲೇ ಇಲ್ಲ. ಹುಬ್ಬಿನ ಮೇಲೊಂದು ಕಪ್ಪು ಕಮಾನು, ಅಷ್ಟೆ. ತುಟಿಗೆ ಬಣ್ಣ ಹಚ್ಚಲಿಲ್ಲ. ಮಕ್ಕಳ ನಾಲಿಗೆ ಒಂದು ಕ್ಷಣ ಸುಮ್ಮನಿರುವುದಿಲ್ಲ, ಹಚ್ಚಿದ್ದೆಲ್ಲ ಹೊಟ್ಟೆಗೇ. ಬಾಯಿಯನ್ನು ಕಿವಿಯವರೆಗೆ ಎಳೆಯುವ ಚಾಳಿಯನ್ನೂ ಬಿಟ್ಟೆ. ಬಾಯಿಯ ಸುತ್ತ ಬಿಳಿ ಇದ್ದರೆ ಸಾಕು, ಅವನು ನಕ್ಕಾಗ ಆ ಬಿಳಿಯ ನಡುವೆ ಎರಡು ಹಲ್ಲಿನ ಕಿಂಡಿ ತೆರೆಯುತ್ತಿತ್ತು. ಯಾವ ಮೇಕಪ್ಪಿನವನು ಅದನ್ನು ಬರೆದಾನು?

ಪ್ರತಿಯೊಂದು ಬಣ್ಣ ಆದ ಮೇಲೂ ಚಿಕ್ಕವಳು ಕನ್ನಡಿ ಎತ್ತಿ ಹಿಡಿಯುತ್ತಿದ್ದಳು. ಮೂಗನ್ನು ನಾನು ಯಾರಿಗೂ ಹಚ್ಚಲಿಲ್ಲ. ಕನ್ನಡಿ ನೋಡಿಕೊಂಡು ಅವರವರ ಬೆರಳಿನಿಂದ ಅವರವರೇ ಕೆಂಪು ತಟ್ಟಿಕೊಂಡರು. ಸ್ಪಂಜಿನ ಮೂಗು ಮಾರುಕಟ್ಟೆಯಲ್ಲಿ ಸಿಗುತ್ತದೆ, ಆದರೆ ಮೂಗು ಕಟ್ಟಿದ ಮಗುವಿಗೆ ಅದು ಉಸಿರುಗಟ್ಟಿಸುತ್ತದೆ, ರಬ್ಬರ್ ಬ್ಯಾಂಡಿನದ್ದು ಕಿವಿ ಕೊಯ್ಯುತ್ತದೆ. ಹಲ್ಲು ಬಿದ್ದವನಿಗೆ ಹಿಡಿದದ್ದು ಐದು ನಿಮಿಷ. ಒಟ್ಟು ಒಂದು ಗಂಟೆ ಚಿಲ್ಲರೆಯಲ್ಲಿ ಎಲ್ಲರದ್ದೂ ಮುಗಿಯಿತು.

ಹನ್ನೆರಡನೆಯವನ ಸರದಿ ಮುಗಿದಾಗ ಚಿಕ್ಕವಳು ಕನ್ನಡಿಯನ್ನು ಪಕ್ಕದವನ ಕೈಗೆ ಕೊಟ್ಟು ತಾನೇ ಸ್ಟೂಲ್ ಹತ್ತಿ ಕೂತಳು. ಖಾಲಿ ತಟ್ಟೆ ಕೊಟ್ಟವಳಿಗೆ ಏನು ಬರೆಯುವುದು ಅಂತ ಕೇಳಿದೆ. ಬಲ ಕೆನ್ನೆ ಮುಟ್ಟಿ ತೋರಿಸಿ, "ಇಲ್ಲಿ ಒಂದು ಮಾತ್ರ," ಅಂದಳು. ಒಂದು ಚುಕ್ಕೆ ಇಟ್ಟೆ. ಕನ್ನಡಿ ನೋಡಿ, ಯೋಚಿಸಿ, ಎಡಕ್ಕೂ ಒಂದು ಇಡಿಸಿಕೊಂಡಳು.

'ಮೂಗಿಗೆ ಮಾತ್ರ' ಹುಡುಗ ಕೊನೆಗೆ ಬಂದ. ಉಳಿದವರ ಮುಖ ನೋಡಿ ಅವನಿಗೆ ಸಂಕಟವಾಗಿತ್ತು ಅಂತ ಕಾಣುತ್ತಿತ್ತು. ಕನ್ನಡಿಯ ಮುಂದೆ ನಿಂತು ಮೂಗಿನ ತುದಿಗೆ ಕೆಂಪು ತಟ್ಟಿಕೊಂಡ. ತಟ್ಟಿಕೊಂಡವನು ಹಾಗೇ ನಿಂತ. ತಲೆ ಓರೆ ಮಾಡಿದ, ಹುಬ್ಬು ಏರಿಸಿದ, ಕೋಪ ಮಾಡಿಕೊಂಡ. ಏನು ಮಾಡಿದರೂ ಮೂಗು ಅವನಿಗಿಂತ ಮುಂದೆ ಬಂದು ನಿಲ್ಲುತ್ತಿತ್ತು. ಕೆಂಪು ಮೂಗನ್ನು ಜಗತ್ತಿನ ಅತಿ ಚಿಕ್ಕ ಮುಖವಾಡ ಎಂದು ಪ್ಯಾರಿಸ್ಸಿನ ರಂಗಗುರು ಝಾಕ್ ಲೆಕಾಕ್ ಹೇಳುತ್ತಿದ್ದ ಅಂತ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಆ ಸಂಜೆ ನನಗೆ ಅನಿಸಿದ್ದು ಇಷ್ಟೇ, ಉಳಿದ ಹದಿಮೂರು ಮುಖದಲ್ಲೂ ನಾನು ಇನ್ನಷ್ಟು ಕಮ್ಮಿ ಮಾಡಬಹುದಿತ್ತು.

ಡ್ಯಾನ್ಸಿನ ಬಗ್ಗೆ ಹೇಳುವಂಥದ್ದೇನಿಲ್ಲ, ಎಲ್ಲ ಶಾಲೆಯ ಡ್ಯಾನ್ಸಿನ ಹಾಗೆ ಅರ್ಧ ಜನ ಎಡಕ್ಕೆ ಹೋದಾಗ ಅರ್ಧ ಜನ ಬಲಕ್ಕೆ ಹೋದರು. ಕರೆಂಟ್ ಒಮ್ಮೆ ಹೋಗಿ ಬಂತು. ಆದರೆ ಈ ಸಲ ಅಪ್ಪ ಅಮ್ಮಂದಿರು ಹೆಸರು ಹಿಡಿದು ಕೂಗುತ್ತಿದ್ದರು, ಮಕ್ಕಳು ಕುಣಿಯುವುದು ಬಿಟ್ಟು ಕೈಬೀಸುತ್ತಿದ್ದರು.

ಬಣ್ಣ ತೆಗೆಯುವ ಕೆಲಸ ಹಚ್ಚುವುದಕ್ಕಿಂತ ದೊಡ್ಡದು ಅಂತ ಯಾರೂ ಮೊದಲೇ ಹೇಳುವುದಿಲ್ಲ. ಹೋದ ವರ್ಷದ ಎಣ್ಣೆಬಣ್ಣ ಉಜ್ಜಿ ಉಜ್ಜಿ ಮಕ್ಕಳ ಕೆನ್ನೆ ಕೆಂಪಾಗಿದ್ದವು, ದಡಿಕೆಗೆ ಅದರ ಪಾಲೂ ಇರಬಹುದು. ಎಣ್ಣೆಬಣ್ಣಕ್ಕೆ ಮತ್ತೆ ಕೊಬ್ಬರಿ ಎಣ್ಣೆಯೇ ಹಾಕಿ ಕರಗಿಸಿ ಹತ್ತಿಬಟ್ಟೆಯಲ್ಲಿ ಒತ್ತಿ ತೆಗೆಯಬೇಕಂತೆ, ನಾನು ನೇರ ಸೋಪು ಹಾಕಿದ್ದೆ. ಈ ಸಲದ್ದು ಉಗುರುಬೆಚ್ಚಗಿನ ನೀರಿಗೇ ಬಿಟ್ಟಿತು, ಕೆಂಪೊಂದು ಸ್ವಲ್ಪ ಹಟ ಮಾಡಿತು. ಎರಡು ಬಕೆಟ್ ನೀರು ಸಾಲದೆ ಬಾವಿಯಿಂದ ಇನ್ನೆರಡು ಸೇದಿದೆವು. ಐದಾರು ಮಕ್ಕಳು ಮುಖ ತೊಳೆಯಲು ಒಪ್ಪಲೇ ಇಲ್ಲ, ಹಾಗೇ ಕೊನೇ ಬಸ್ಸು ಹತ್ತಿದರು. ಕಂಡಕ್ಟರ್ ಹಲ್ಲು ಬಿದ್ದವನಿಗೆ ಎದ್ದು ಸೀಟು ಬಿಟ್ಟುಕೊಟ್ಟನಂತೆ, ಅವನ ಅಕ್ಕ ಹೇಳಿದ್ದು.

ಮಾರನೆಯ ದಿನ ರಜೆ. ಬೆಳಗ್ಗೆ ಏಳೂವರೆಗೆ ಫೋನು. 'ಮೂಗಿಗೆ ಮಾತ್ರ' ಹುಡುಗನ ಅಮ್ಮ. ಹೆಸರು ನೋಡಿದ ಕೂಡಲೇ ನನ್ನ ಕೈ ತಣ್ಣಗಾಯಿತು. ಮೂಗಿಗೂ ಎದ್ದಿತಾ ಹಾಗಾದರೆ?

"ಟೀಚರ್, ನಿನ್ನೆ ಇವನಿಗೆ ನೆಗಡಿ."

"ಅಯ್ಯೋ, ಮೂಗು ಹೇಗಿದೆ?"

"ಮೂಗಿಗೆ ಎಂತ ಆಗ್ತದೆ, ಚೆನ್ನಾಗಿದೆ. ಇಡೀ ಡ್ಯಾನ್ಸು ಅಂಗಿ ತೋಳಲ್ಲಿ ಒರೆಸಿಕೊಂಡಿದಾನೆ. ಬಾಡಿಗೆ ಅಂಗಿ ಅಲ್ವಾ, ತೋಳಿನ ಕೆಂಪು ಹೋಗ್ತಾನೇ ಇಲ್ಲ. ಎಂತ ಹಾಕಿ ತೊಳೀಲಿ?"